ಮೂಸುವ ಬಾಟಲಿಗಳು

ಮೊದಲು ಬಂದದ್ದು ಅಕ್ಕಿಯ ಟಬ್ಬು. ಅದರ ಬೆನ್ನಿಗೇ ನೀರಿನ ಟಬ್ಬು, ಸ್ಪಂಜು, ಬಣ್ಣ ಕಲಸಿದ ಹಿಟ್ಟಿನ ಉಂಡೆ, ಬಟ್ಟೆ ಚೂರುಗಳ ಡಬ್ಬಿ. ಎಲ್ಲವೂ ಸೊಸೆ ತಂದದ್ದು, ಎಲ್ಲವೂ ಮೊಮ್ಮಗಳ ಆಟಕ್ಕೆ. ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ದುಂಡಗಿದ್ದು, ಹಿಡಿದರೆ ಕೈಯಿಂದ ಜಾರಿ ಓಡುತ್ತಿದ್ದುದರಿಂದ ಮನೆಯವರೆಲ್ಲ ಅದನ್ನು ಬಟಾಣಿ ಎಂದೇ ಕರೆಯುತ್ತಿದ್ದರು.

ಮಗು ಕಲಕಲಿ ಎಂದು ಒಳ್ಳೆಯ ಅಕ್ಕಿಯನ್ನು ಟಬ್ಬಿಗೆ ಸುರಿಯುವುದನ್ನು ಅದರ ಅಜ್ಜಿ ಇಸ್ತ್ರಿಯಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕುರ್ಚಿಯ ಕೆಳಗಿಂದ, ಚಪ್ಪಲಿಯ ಒಳಗಿಂದ, ಒಂದು ಸಲ ಯಜಮಾನರ ಕನ್ನಡಕದ ಡಬ್ಬಿಯಿಂದಲೂ ಅಕ್ಕಿಕಾಳು ಆರಿಸಿದ್ದಾಯಿತು. ಆದರೂ ಆ ಮಗು ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಹುಗಿದು, ಕಣ್ಣು ಅರೆಮುಚ್ಚಿ ಸುಮ್ಮನೆ ಕೂತಿರುವುದನ್ನು ನೋಡಿದರೆ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಗುತ್ತಿತ್ತು. ಬಟ್ಟೆ ಚೂರಿನ ಡಬ್ಬಿಯನ್ನಂತೂ ಅವಳೇ ತುಂಬಿಸಿ ಕೊಟ್ಟಿದ್ದಳು. ಹತ್ತಿ, ಉಣ್ಣೆ, ಮಖಮಲ್ಲು, ಒರಟು ಚೀಲದ ಬಟ್ಟೆ. ಅವಳ ಮನೆಯಲ್ಲಿ ಬಟ್ಟೆಗೇನು ಬರ.

ಬಾಟಲಿಗಳು ಬಂದ ದಿನ ಮಾತ್ರ ಅವಳ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಬೆರಳುದ್ದದ ಪುಟ್ಟ ಬಾಟಲಿಗಳು. ಒಳಗಿರುವುದು ಕಾಣಬಾರದೆಂದು ಸುತ್ತ ಬಿಳಿ ಕಾಗದ ಅಂಟಿಸಿತ್ತು. ಮುಚ್ಚಳಕ್ಕೆ ಸೂಜಿಯಿಂದ ಚುಚ್ಚಿದ ತೂತುಗಳು. ಸೊಸೆ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ, ಬಂದವರ ಕಣ್ಣು ಪರೀಕ್ಷೆ ಮಾಡುವ ಕೆಲಸ. ಅಲ್ಲಿಗೆ ಬಂದ ಯಾರೋ ಟೀಚರು ಹೇಳಿದ್ದರಂತೆ, ಸಣ್ಣ ಮಕ್ಕಳು ಪಾಠಕ್ಕಿಂತ ಮೊದಲು ಮುಟ್ಟಿ, ಕೇಳಿ, ಮೂಸಿ ಕಲಿಯುತ್ತವೆ ಎಂದು. ಮುಚ್ಚಳ ತೆಗೆಯದೆ ಮೂಸಬೇಕು, ಒಳಗೆ ಏನಿದೆ ಎಂದು ಹೇಳಬೇಕು, ದೊಡ್ಡವರೂ ಜೊತೆಗೆ ಆಡಿದರೆ ಮಗು ನೋಡಿ ಕಲಿಯುತ್ತದೆ. ಇಷ್ಟನ್ನು ವಿವರಿಸಿ ಸೊಸೆ ಒಂದು ಬಾಟಲಿಯನ್ನು ನೇರವಾಗಿ ಅತ್ತೆಯ ಮೂಗಿನ ಮುಂದೆ ಹಿಡಿದಳು.

"ಮೊದಲು ನೀವು ಹೇಳಿ ಅತ್ತೆ."

ಇಸ್ತ್ರಿಯಮ್ಮ ಮೂಸಿದಳು. ಗೋಡೆಯನ್ನು ಮೂಸಿದರೂ ಒಂದೇ, ಅದನ್ನು ಮೂಸಿದರೂ ಒಂದೇ. "ಚೆನ್ನಾಗಿದೆ," ಎಂದು ತಲೆಯಾಡಿಸಿ, ಕಾದ ಕೆಂಡವನ್ನು ದಾಟಿಸುವಂತೆ ಅದನ್ನು ಮಗನ ಕೈಗೆ ದಾಟಿಸಿದಳು. ಲಿಫ್ಟ್ ರಿಪೇರಿ ಮುಗಿಸಿ ಆಗ ತಾನೇ ಬಂದಿದ್ದ ಅವನು, ಕೈಗೆ ಮೆತ್ತಿದ್ದ ಗ್ರೀಸಿನ ಸಮೇತ ಮೂಸಿ, ಕಾಫಿಪುಡಿ ಎಂದ. ಮಗು ಚಪ್ಪಾಳೆ ತಟ್ಟಿತು. ಸೊಸೆ ನಕ್ಕಳು. ಆ ನಗು ಯಾರನ್ನು ನೋಡಿ ಬಂತು ಎಂದು ಇಸ್ತ್ರಿಯಮ್ಮ ಅಂದೆಲ್ಲ ಯೋಚಿಸಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಹೆಗಲ ಮೇಲಿದ್ದದ್ದು ಇಷ್ಟು: ಹೋದ ವರ್ಷದ ನೆಗಡಿ ಜ್ವರದಲ್ಲಿ ಅವಳ ಮೂಗು ಸತ್ತುಹೋಗಿತ್ತು. ಜ್ವರ ಇಳಿಯಿತು, ನೆಗಡಿ ನಿಂತಿತು, ವಾಸನೆ ಮಾತ್ರ ಹಿಂದಿರುಗಲಿಲ್ಲ.

ಬೇರೆ ಯಾರದಾದರೂ ಮೂಗಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ. ಮದುವೆಯಾದ ದಿನದಿಂದ ಗಂಡನ ಎದುರು ಮೇಜಿನಲ್ಲಿ ನಿಂತು ಇಸ್ತ್ರಿ ಮಾಡಿದವಳು ಅವಳು. ಬಟ್ಟೆ ಸುಡುವುದಕ್ಕೆ ಮುಂಚೆ ಒಂದು ವಾಸನೆ ಕಳಿಸುತ್ತದೆ, ಅದು ಬಂದ ಕೂಡಲೇ ಪೆಟ್ಟಿಗೆ ಎತ್ತಬೇಕು. ಅವಳ ಮೂಗಿಗೆ ಅದು ಎಲ್ಲರಿಗಿಂತ ಮೊದಲೇ ಬರುತ್ತಿತ್ತು. ಬೀದಿಯ ಹೆಂಗಸರು ಮೊಟ್ಟೆ ಕೆಟ್ಟಿದೆಯೋ ಇಲ್ಲವೋ ಎಂದು ಅವಳ ಹತ್ತಿರ ತಂದು ತೋರಿಸುವುದಿತ್ತು. ಇವಳಿರುವಾಗ ನಾಯಿ ಸಾಕುವ ಖರ್ಚು ಉಳಿಯಿತು ಎಂದು ಯಜಮಾನರು ಗಿರಾಕಿಗಳ ಮುಂದೆ ಚುಡಾಯಿಸುತ್ತಿದ್ದರು. ಅಂಥವಳು ಜ್ವರದಿಂದ ಎದ್ದ ಮೇಲೆ ವಕೀಲರ ಕೋಟನ್ನು ಸುಟ್ಟಳು, ವಾರ ಕಳೆಯುವುದರೊಳಗೆ ಬ್ಯಾಂಡಿನವರ ಸಮವಸ್ತ್ರವನ್ನೂ ಸುಟ್ಟಳು. ಏನಾಯಿತು ಎಂದು ಗಂಡ ಕೇಳಿದಾಗ ಬಾಯಿಗೆ ಬಂದದ್ದು, ಬಲಗೈ ನೋಯುತ್ತದೆ, ಮರಗಟ್ಟುತ್ತದೆ ಎಂಬ ಮಾತು. ಕೈ ನೋವೆಂದರೆ ಜನ ಅಯ್ಯೋ ಅನ್ನುತ್ತಾರೆ. ಮೂಗು ಹೋಯಿತು ಅಂದರೆ ನಗುತ್ತಾರೆ.

ಅದೇ ಹೊತ್ತಿಗೆ ಸೊಸೆಯ ರಜೆ ಮುಗಿದು, ಮಗುವನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಪೆಟ್ಟಿಗೆ ಎತ್ತಲಾಗದಿದ್ದರೇನು, ಮಗುವನ್ನು ಎಡಗೈಯಲ್ಲಿ ಎತ್ತಿಕೊಳ್ಳುತ್ತೇನೆ ಎಂದು ಇಸ್ತ್ರಿಯಮ್ಮ ಮುಂದೆ ಬಂದಳು. ಅಂದಿನಿಂದ ಯಾರಾದರೂ ನೋಡುತ್ತಿರುವಾಗ ಬಲಗೈಯನ್ನು ಮಡಿಲಲ್ಲಿ ಮಲಗಿಸಿಟ್ಟು ಎಲ್ಲವನ್ನೂ ಎಡಗೈಯಲ್ಲೇ ಮಾಡುವುದು ಅಭ್ಯಾಸವಾಯಿತು. ಮಗುವೂ ಕಲಿಯಿತು, ಅಜ್ಜಿಯ ಹತ್ತಿರ ಬರುವಾಗ ಸುತ್ತು ಹಾಕಿ ಎಡಗಡೆಗೇ ಬಂದು ಕೈಯೆತ್ತುತ್ತಿತ್ತು.

ಇಷ್ಟು ಕಾಲ ನಡೆದುಕೊಂಡು ಬಂದದ್ದು ಈಗ ಬಾಟಲಿಗಳಿಂದ ಹೊರಬೀಳುವ ಹಾಗಾಯಿತು. ಬಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಲು ಕೆಟ್ಟದ್ದು ತಿಳಿಯದ, ಸುಟ್ಟದ್ದು ತಿಳಿಯದ, ಗ್ಯಾಸ್ ಸೋರಿದರೂ ತಿಳಿಯದ ಹೆಂಗಸಿನ ಹತ್ತಿರ ಯಾರು ತಾನೇ ಮಗು ಬಿಟ್ಟು ಹೋಗುತ್ತಾರೆ? ತಾನೇ ಸೊಸೆಯ ಜಾಗದಲ್ಲಿದ್ದರೂ ಬಿಡುತ್ತಿರಲಿಲ್ಲ ಎಂದು ಅವಳ ಮನಸ್ಸೇ ಅವಳಿಗೆ ಹೇಳುತ್ತಿತ್ತು. ಇಸ್ತ್ರಿ ಕೈ ಬಿಟ್ಟುಹೋಗಿತ್ತು. ಉಳಿದಿದ್ದದ್ದು ಬಟಾಣಿ ಒಂದೇ.

ಒಂದು ಭಾನುವಾರ ಮಧ್ಯಾಹ್ನ ಮಗ ಸೊಸೆ ಇಬ್ಬರೂ ಹಿಂದಿನ ತಂತಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಇಸ್ತ್ರಿಯಮ್ಮ ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ಕಿಟಕಿ ತೆರೆದಿತ್ತು, ಕಿವಿಗೇನೂ ಜ್ವರ ಬಂದಿರಲಿಲ್ಲ.

ತನ್ನ ಕನ್ನಡಕದ ಅಂಗಡಿಯ ಪಕ್ಕದ ಶಿಶುವಿಹಾರದಲ್ಲಿ ಒಂದು ಜಾಗ ಖಾಲಿಯಾಗಿದೆ ಎಂದು ಸೊಸೆ ಹೇಳುತ್ತಿದ್ದಳು. ಮಗ ಬಟ್ಟೆಯ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ, "ಅಮ್ಮನಿಗೆ ಹೇಗೆ ಹೇಳೋದು?" ಎಂದ.

"ಹೇಳಲೇಬೇಕಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಎಷ್ಟು ದಿನ ಅಂತ ಇರೋದು?"

ಆಲೂಗಡ್ಡೆಯ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು. ಸೊಸೆಗೆ ಗೊತ್ತಾಗಿದೆ ಎಂದಾಯಿತು. ಇನ್ನು ಬೇಕಾಗಿರುವುದು ಸಾಕ್ಷಿ. ಅದಕ್ಕೇ ಈ ಬಾಟಲಿಗಳು. ಹಗಲೆಲ್ಲ ಜನರನ್ನು ಕುರ್ಚಿಯಲ್ಲಿ ಕೂರಿಸಿ ಇದು ಕಾಣುತ್ತದಾ, ಅದು ಕಾಣುತ್ತದಾ ಎಂದು ಕೇಳುವವಳಿಗೆ ಮನೆಯಲ್ಲೊಂದು ಪರೀಕ್ಷೆ ಹೂಡುವುದು ಎಷ್ಟರ ಮಾತು!

ಇಸ್ತ್ರಿಯಮ್ಮ ಸೋಲುವವಳಲ್ಲ. ಮಾರನೆಯ ದಿನ ಸೊಸೆ ಹೊರಟ ಮೇಲೆ ಬಾಟಲಿಗಳನ್ನೆಲ್ಲ ಬಿಚ್ಚಿ ನೋಡಿ, ಒಂದೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ದಾರದ ಎಳೆ ಕಟ್ಟಿದಳು. ಕೆಂಪು ಎಂದರೆ ಕಾಫಿ, ನೀಲಿ ಎಂದರೆ ಸೋಪು, ಹಳದಿ ಎಂದರೆ ನಿಂಬೆ ಸಿಪ್ಪೆ. ಅಂದು ಸಂಜೆ ಆಟದಲ್ಲಿ ಎಲ್ಲವನ್ನೂ ಪಟಪಟನೆ ಹೇಳಿಬಿಟ್ಟಳು. ಸೊಸೆ ಹುಬ್ಬೇರಿಸಿ, ಅತ್ತೆಗೆ ಎಂಥ ಮೂಗು ಎಂದಳು. ಹೊಗಳಿಕೆಯೋ ಚುಚ್ಚುಮಾತೋ ತಿಳಿಯಲಿಲ್ಲ. ವಾರಾಂತ್ಯಕ್ಕೆ ಸೊಸೆ ಬಾಟಲಿಗಳನ್ನು ತೊಳೆದು, ದಾರಗಳನ್ನು ಮಗು ಬಾಯಿಗೆ ಹಾಕಿಕೊಂಡೀತೆಂದು ಕತ್ತರಿಸಿ ಎಸೆದು, ಬೆಳ್ಳುಳ್ಳಿ, ಲವಂಗ, ವಿನೆಗರನ್ನೂ ಸೇರಿಸಿ ಹೊಸದಾಗಿ ತುಂಬಿಸಿದಳು. ನೋಡಿದೆಯಾ, ಪ್ರಶ್ನೆಪತ್ರಿಕೆ ಬದಲಾಯಿಸಿದಳು ಎಂದುಕೊಂಡಳು ಇಸ್ತ್ರಿಯಮ್ಮ.

ಆಗ ದಾರಿ ತೋರಿಸಿದ್ದು ಬಟಾಣಿ. ಮಗುವಿಗೆ ಮೊದಲು ಮೂಸಿಸಿ ಅದರ ಮುಖ ನೋಡಿದರೆ ಸಾಕಿತ್ತು. ಕಾಫಿಗೆ ಬಾಯಿ ತೆರೆಯುತ್ತಿತ್ತು. ನಿಂಬೆಗೆ ಮೂಗು ಸುಕ್ಕಾಗುತ್ತಿತ್ತು. ಬೆಳ್ಳುಳ್ಳಿಗೆ ಇಂಗು ತಿಂದ ಮಂಗನಂತೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ವಿನೆಗರಿಗೆ ತಲೆ ಹಿಂದಕ್ಕೆಳೆದು "ಛೀ" ಎನ್ನುತ್ತಿತ್ತು. ಹಾಗೆ ನೋಡಿದರೆ ಇದು ಅವಳಿಗೆ ಹೊಸದಲ್ಲ. ಬಾಟಲಿಗಳು ಬರುವ ಮೊದಲಿಂದಲೂ ಬೆಳಗಿನ ಹಾಲಿನ ಪಾತ್ರೆಯನ್ನು ಮಗುವಿನ ಮುಂದೆ ಹಿಡಿದು, ಅದರ ಮುಖ ನೋಡಿಯೇ ಒಲೆಗೆ ಏರಿಸುತ್ತಿದ್ದಳು. ಬರಬರುತ್ತ ಮಗು ಕಂಡದ್ದನ್ನೆಲ್ಲ ಮೂಸತೊಡಗಿತು. ಅಪ್ಪನ ಕಾಲುಚೀಲವನ್ನು ಮೂಸಿ ಛೀ ಎಂದು ಅಂಗಡಿಯವರೆಗೆ ಓಡಿತು. ಆಟದಿಂದ ಎಷ್ಟು ಚುರುಕಾಗಿದ್ದಾಳೆ ಎಂದು ಸೊಸೆ ಹಿಗ್ಗಿದಳು.

ಯಜಮಾನರ ಮೇಲೂ ಅವಳಿಗೆ ಅನುಮಾನ ಹುಟ್ಟಿತ್ತು. ಈಚೆಗೆ ಅವರು ಇಸ್ತ್ರಿ ಬಿಟ್ಟು ಬಿಟ್ಟು ಅಡುಗೆಮನೆಗೆ ಬರುತ್ತಿದ್ದರು. ನೀರು ಬೇಕು ಎನ್ನುವುದು, ಅರ್ಧ ಲೋಟ ಕುಡಿಯುವುದು, ಒಲೆಯ ಹತ್ತಿರ ಒಂದು ಗಳಿಗೆ ನಿಂತು ಹೋಗುವುದು. ಸೊಸೆ ಕಾವಲಿಗೆ ಹಾಕಿರಬೇಕು.

"ಅಷ್ಟೊಂದು ಬಾಯಾರಿಕೆ ಆಗೋದಾದ್ರೆ ಒಂದು ಕೊಡ ಅಲ್ಲೇ ಇಟ್ಕೊಳ್ಳಿ," ಎಂದಳು ಒಂದು ದಿನ.

"ಓಡಾಡಿದ್ರೆ ಕಾಲಿಗೆ ಒಳ್ಳೇದು ಕಣೆ," ಎಂದರು ಅವರು.

ಹೀಗಿರುವಾಗ ಒಂದು ರಾತ್ರಿಯ ಊಟದಲ್ಲಿ ಒಳಗೆ ಕುದಿಯುತ್ತಿದ್ದದ್ದು ಸಿಡಿಯಿತು. ಹಿಂದಿನ ದಿನದ ಹುರುಳಿಕಾಯಿ, ಆಲೂಗಡ್ಡೆ ಬೇಯಿಸಿದ್ದು ಉಳಿದಿತ್ತು. ಅದನ್ನೇ ಬಿಸಿ ಮಾಡಿ ಬಡಿಸಿದ್ದಳು. ಮಗ ಒಂದು ತುತ್ತು ಬಾಯಿಗಿಟ್ಟವನು ಹಾಗೇ ತಟ್ಟೆಗೆ ಉಗಿದ.

"ಅಮ್ಮ, ಇದು ಹಳಸಿದೆ. ಬಡಿಸೋವಾಗ ಗೊತ್ತಾಗಲಿಲ್ವಾ?"

ಯಜಮಾನರು ತಲೆಯೆತ್ತದೆ ತಿನ್ನುತ್ತಲೇ ಇದ್ದರು. ಚೆನ್ನಾಗೇ ಇದೆಯಲ್ಲ ಎಂದು ಇನ್ನೊಂದು ತುತ್ತು ಹಾಕಿಕೊಂಡರು. ಸೊಸೆ ಒಮ್ಮೆ ಮಾವನ ಮುಖ ನೋಡಿದಳು, ಒಮ್ಮೆ ಅತ್ತೆಯ ಮುಖ ನೋಡಿದಳು, ಮಗುವಿನ ತಟ್ಟೆಯನ್ನು ಮಾತ್ರ ತನ್ನ ಕಡೆ ಎಳೆದುಕೊಂಡಳು. ಆ ಎಳೆದುಕೊಂಡದ್ದು ಇಸ್ತ್ರಿಯಮ್ಮನ ಎದೆಗೆ ನಾಟಿತು. ಫ್ರಿಜ್ಜಿನ ಬಾಗಿಲನ್ನು ಸರಿಯಾಗಿ ಹಾಕದೆ ಹೋಗುವವರು ಯಾರು ಎಂದು ಶುರುವಾದ ಮಾತು, ನೆಲದ ಮೇಲಿನ ಅಕ್ಕಿ, ಗೋಡೆಯ ಮೇಲಿನ ಬಣ್ಣ, ಒದ್ದೆ ಸ್ಪಂಜು ಎಲ್ಲವನ್ನೂ ಸುತ್ತಿಕೊಂಡು ಬಂದು ಬಾಟಲಿಗಳ ಹತ್ತಿರ ನಿಂತಿತು.

"ಇಡೀ ದಿನ ಊರವರ ಕಣ್ಣು ಪರೀಕ್ಷೆ ಮಾಡಿ ಸಾಕಾಗಲ್ವಾ ನಿನಗೆ? ಮನೆಗೆ ಬಂದೂ ಪರೀಕ್ಷೆನಾ?"

"ಯಾವ ಪರೀಕ್ಷೆ ಅತ್ತೆ?"

"ನಿನಗೆ ಗೊತ್ತಿಲ್ವಾ?"

ಸೊಸೆಗೆ ನಿಜವಾಗಿಯೂ ಗೊತ್ತಿಲ್ಲದ ಮುಖವಿತ್ತು. ಇಸ್ತ್ರಿಯಮ್ಮ ಆ ಮುಖವನ್ನೂ ನಂಬಲಿಲ್ಲ. ಉಳಿದದ್ದನ್ನು ಕಸದ ಬುಟ್ಟಿಗೆ ಸುರಿದು, ಪಾತ್ರೆಗಳನ್ನು ಎಡಗೈಯಲ್ಲೇ ಸದ್ದು ಮಾಡಿ ತೊಳೆದಳು. ಆಮೇಲಿನ ಕೆಲವು ದಿನ ಅತ್ತೆ ಸೊಸೆ ಮಾತಾಡಿದ್ದೆಲ್ಲ ಮಗುವಿನ ಮೂಲಕ. ಬಟಾಣಿ, ನಿಮ್ಮಮ್ಮನಿಗೆ ಮೊಟ್ಟೆ ಬೇಕಾ ಕೇಳು. ಬಟಾಣಿ, ಅಜ್ಜೀನ ಕೈನೋವಿನ ಔಷಧಿ ತಗೊಂಡ್ರಾ ಕೇಳು. ಮಗು ಇಬ್ಬರಿಗೂ ಛೀ ಎನ್ನುತ್ತಿತ್ತು.

ಮುಂದಿನ ವಾರ ಒಂದು ಬೆಳಿಗ್ಗೆ ಯಜಮಾನರು ಬಟ್ಟೆಯ ಗಂಟು ಹೊತ್ತು ಹೋಟೆಲಿಗೆ ಕೊಡಲು ಹೋಗಿದ್ದರು. ಇಸ್ತ್ರಿಯಮ್ಮ ಒಲೆಯ ಮೇಲೆ ಹಾಲಿಟ್ಟಿದ್ದಳು. ಮಗು ಅಡುಗೆಮನೆಯ ಬಾಗಿಲ ಹತ್ತಿರ ಬಾಟಲಿಗಳನ್ನು ಸಾಲು ನಿಲ್ಲಿಸಿ ಬೀಳಿಸುತ್ತಿತ್ತು. ಅಂಗಡಿಗೆ ಗಿರಾಕಿಯೊಬ್ಬ ಬಂದ, ಬೂದು ಬಣ್ಣದ ಪ್ಯಾಂಟು ಬೇಕು ಎಂದ. ಅವನ ಪ್ಯಾಂಟು ಯಾವ ಕಟ್ಟಿನಲ್ಲಿದೆ ಎಂದು ಹುಡುಕಿದಳು, ಅದು ತನ್ನದಲ್ಲ ಎಂದ, ಮತ್ತೆ ಹುಡುಕಿದಳು. ಅಂತೂ ಅವನು ಹೋದಾಗ ಹಾಲಿನ ನೆನಪಾಗುವುದಕ್ಕೂ ಮಗು ಬಂದು ಅವಳ ಎಡಗೈ ಬೆರಳು ಹಿಡಿಯುವುದಕ್ಕೂ ಸರಿಹೋಯಿತು.

"ಛೀ," ಎಂದಿತು ಮಗು.

ವಿನೆಗರ್ ಬಾಟಲಿಯ ಆಟವಿರಬೇಕೆಂದುಕೊಂಡಳು. ಆದರೆ ಮಗುವಿನ ಕೈಯಲ್ಲಿ ಬಾಟಲಿ ಇರಲಿಲ್ಲ. ಮೂಗನ್ನು ಅವಳ ಮೊಣಕಾಲಿಗೆ ಒತ್ತಿ ಉಜ್ಜುತ್ತಿತ್ತು. ಮತ್ತೆ ತಲೆಯೆತ್ತಿದಾಗ ಆ ಮುಖ ಕಾಫಿಯದಲ್ಲ, ನಿಂಬೆಯದಲ್ಲ, ಬೆಳ್ಳುಳ್ಳಿಯದೂ ಅಲ್ಲ. ಆ ಮುಖವನ್ನು ಅವಳು ಯಾವ ಬಾಟಲಿಗೂ ಕಂಡಿರಲಿಲ್ಲ.

ಓಡಿ ಹೋಗಿ ನೋಡಿದರೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಉರಿ ನಂದಿತ್ತು. ಗ್ಯಾಸಿನ ಗುಂಡಿ ತೆರೆದೇ ಇತ್ತು. ಅದನ್ನು ತಿರುಗಿಸಿ ಮುಚ್ಚಿ, ಕಿಟಕಿ ನೂಕಿ ತೆರೆದು, ಮಗುವನ್ನು ಬಾಚಿ ಎದೆಗೆ ಅವುಚಿಕೊಂಡು ಬೀದಿ ದಾಟಿ ಎದುರಿನ ದಾರ ಗುಂಡಿಗಳ ಅಂಗಡಿಯ ಮುಂದೆ ನಿಂತಳು. ಅಂಗಡಿಯಾಕೆ ಏನಾಯಿತು ಎಂದಾಗ, ಜಿರಳೆಗೆ ಔಷಧಿ ಹೊಡೆದೆ ಎಂದಳು. ಸುಳ್ಳು ಅಷ್ಟು ಬೇಗ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು.

ಮಗುವನ್ನು ಅಲ್ಲೇ ಕೂರಿಸಿ ಒಬ್ಬಳೇ ಮನೆಯೊಳಗೆ ಹೋದಳು. ಗ್ಯಾಸ್ ಹೋಗಿದೆಯೇ, ಇದೆಯೇ? ಬೀಸಣಿಗೆಯಂತೆ ಟವಲು ಬೀಸಿದಳು, ಉಸಿರೆಳೆದಳು, ಮತ್ತೆ ಬೀಸಿದಳು. ಏನೂ ತಿಳಿಯಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ಮಗುವನ್ನು ತಂದು ಮೂಸಿಸುವುದೇ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಷ್ಟರಲ್ಲಿ ಯಜಮಾನರು ಬಂದರು. ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಏನೂ ಕೇಳದೆ ಹಿಂದಿನ ಬಾಗಿಲನ್ನೂ ತೆರೆದಿಟ್ಟು, ಸೆಕೆ ಎಂದು ಹೇಳಿ, ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ತುಂಬ ಹೊತ್ತಿನ ಮೇಲೆ ಎದ್ದು, ಈಗ ಮಗುವನ್ನು ಕರೆದುಕೊಂಡು ಬಾ ಎಂದರು.

ಸಂಜೆ ಯಾರಿಗೂ ಏನೂ ಹೇಳಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದವರ ಹಾಗೆ ಅವಳ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಶನಿವಾರ ಸೊಸೆ ಅಂಗಿಯ ಗುಂಡಿ ಕೊಳ್ಳಲು ಎದುರಿನ ಅಂಗಡಿಗೆ ಹೋದವಳು ಗುಂಡಿ ಕೊಳ್ಳದೆ ಹಿಂದಿರುಗಿದಳು. ಇಸ್ತ್ರಿಯಮ್ಮ ನೆಲದ ಮೇಲೆ ಕೂತು ಎಡಗೈಯಲ್ಲಿ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಮಗ ಸ್ವಿಚ್ಚು ಬಿಚ್ಚಿ ಹರಡಿಕೊಂಡಿದ್ದ. ಸೊಸೆ ಅತ್ತೆಯ ಎದುರು ಕೂತು, ಅಂಗಡಿಗೆ ಬಂದವರನ್ನು ಕೇಳುವ ದನಿಯಲ್ಲೇ ಕೇಳಿದಳು.

"ಅತ್ತೆ, ನಿಮ್ಮ ಬಲಗೈ ನೋವು ನಿಜಾನಾ?"

ಇಸ್ತ್ರಿಯಮ್ಮ ಕಾದು ಕೂತಿದ್ದದ್ದು ಮೂಗಿನ ಪ್ರಶ್ನೆಗೆ. ಚಮಚ ಗಂಜಿಯಲ್ಲಿ ಉಳಿಯಿತು.

"ಕೈ ಪೂರ್ತಿ ವಾಸಿಯಾಯ್ತಲ್ಲ ಅಂತ ಎದುರಿನವರು ಸಂತೋಷಪಟ್ರು. ಮೊನ್ನೆ ನೀವು ಇವಳನ್ನ ಬಲಗೈಲಿ ಅವುಚಿಕೊಂಡು ರಸ್ತೆ ದಾಟಿದ್ರಂತೆ. ಓಡಿ." ಸೊಸೆಯ ದನಿ ಅಲ್ಲಿಯವರೆಗೆ ಸಮನಾಗಿತ್ತು, ಆಮೇಲೆ ಒಡೆಯಿತು. "ನೀವು ಒಂದೇ ಕೈಲಿ ಒದ್ದಾಡೋದನ್ನ ನೋಡೋಕಾಗದೆ ನಾನು ಶಿಶುವಿಹಾರಕ್ಕೆ ಹೆಸರು ಬರೆಸಿದೀನಿ. ನಿಮಗೆ ಬೇಜಾರಾಗುತ್ತೆ ಅಂತ ಹೇಳೋಕೆ ಹೆದರಿ ಇಷ್ಟು ದಿನ ಕಳೆದೆ. ನೋವೇ ಇರ್ಲಿಲ್ಲ ಅಂದ್ರೆ, ಮಗೂನ ಎತ್ಕೊಳ್ಳೋಕೆ ಇಷ್ಟ ಇರ್ಲಿಲ್ವಾ ನಿಮಗೆ?"

ಎಷ್ಟೋ ವಾರಗಳ ಅನುಮಾನ ಒಂದೇ ಗಳಿಗೆಯಲ್ಲಿ ತಲೆಕೆಳಗಾಯಿತು. ತಂತಿಯ ಹತ್ತಿರ ಆಡಿದ ಮಾತು ಈ ಕೈಯದು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಎಂದದ್ದು ಈ ಕೈಯದು. ಮೂಗನ್ನು ಮುಚ್ಚಿಡಲು ಯಾವ ಕೈಯನ್ನು ಅಡ್ಡ ಹಿಡಿದಿದ್ದಳೋ ಅದೇ ಕೈ ಮಗುವನ್ನು ಮನೆಯಿಂದ ಕಳಿಸುತ್ತಿತ್ತು. ಮೂಗಿನ ಬಗ್ಗೆ ಈ ಮನೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಈಗಲೂ ಸುಮ್ಮನಿರಬಹುದಿತ್ತು. ಕೈ ಮೊನ್ನೆಯಷ್ಟೇ ಸರಿಹೋಯಿತು ಎಂದಿದ್ದರೆ ಮುಗಿಯುತ್ತಿತ್ತು. ಮಗುವೂ ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಮಗುವಿನ ಆ ಮುಖ, ಯಾವ ಬಾಟಲಿಗೂ ಕಾಣದ ಮುಖ, ಗಂಜಿ ಮೆತ್ತಿಕೊಂಡು ಅವಳನ್ನೇ ನೋಡುತ್ತಿತ್ತು.

"ಕೈಗೆ ಏನೂ ಆಗಿಲ್ಲ," ಎಂದಳು ಇಸ್ತ್ರಿಯಮ್ಮ. "ನನಗೆ ವಾಸನೆ ಬರಲ್ಲ. ಹೋದ ವರ್ಷದ ಜ್ವರದಿಂದ ಬರಲ್ಲ."

ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಕೋಟು, ಸಮವಸ್ತ್ರ, ದಾರದ ಎಳೆಗಳು, ಬೆಳಗಿನ ಹಾಲು, ಉಕ್ಕಿದ ಹಾಲು, ತೆರೆದಿದ್ದ ಗುಂಡಿ, ಎಲ್ಲವನ್ನೂ ಹೇಳಿದಳು. ಸ್ಕ್ರೂ ಹಿಡಿದಿದ್ದ ಮಗನ ಕೈ ನಿಂತಿತು. ಸೊಸೆ ಎದ್ದು ಮಗುವನ್ನು ಎತ್ತಿಕೊಂಡಳು. ಅದರ ಬಾಯಿಯ ಗಂಜಿ ಅವಳ ಭುಜಕ್ಕೆ ಮೆತ್ತಿತು.

"ಗ್ಯಾಸ್ ಸೋರಿದೆ ಅಂತ ನನ್ನ ಮಗು ನಿಮಗೆ ಹೇಳಬೇಕಾಯ್ತಾ?"

"ಹೌದು."

"ಅವಳು ನಿದ್ದೆ ಮಾಡ್ತಿದ್ದಿದ್ರೆ?"

ಬಾಗಿಲಲ್ಲಿ ಯಜಮಾನರು ಬಂದು ನಿಂತಿದ್ದರು. ಅವಳನ್ನು ಬೈಯಬೇಡಿ, ನನಗೂ ಗೊತ್ತಿತ್ತು ಎಂದರು. ವಕೀಲರ ಕೋಟು ಸುಡುವ ವಾಸನೆ ತಮಗೆ ಎದುರಿನ ಮೇಜಿಗೆ ಬಂದಿತ್ತು, ಪೆಟ್ಟಿಗೆ ಹಿಡಿದು ನಿಂತವಳಿಗೆ ಬಂದಿರಲಿಲ್ಲ, ಅಂದೇ ತಿಳಿಯಿತು. ಅವಳೇ ಹೇಳಲಿ ಎಂದು ಕಾದರು. ಕಾಯುತ್ತ ದಿನಕ್ಕೆ ಹತ್ತು ಸಲ ನೀರು ಕುಡಿದರು.

"ಹಳಸಿದ್ದನ್ನೂ ತಿಂದ್ರಲ್ಲ ಮಾವ," ಎಂದಳು ಸೊಸೆ. ಅವಳಿಗೆ ಈಗ ಇಬ್ಬರ ಮೇಲೂ ಸಿಟ್ಟು ಬಂದಿತ್ತು. "ನೀವು ಗಂಟು ಹೊತ್ತು ಹೋದ ದಿನ ಯಾರು ನೀರು ಕುಡೀಬೇಕಿತ್ತು?"

ಯಜಮಾನರು ತಲೆ ತಗ್ಗಿಸಿದರು. ಸೊಸೆ ಮಗುವಿನ ಬಾಯಿ ಒರೆಸಿ, ಮೆಲ್ಲಗೆ ಹೇಳಿದಳು.

"ಅಂಗಡಿಗೆ ಕಣ್ಣು ಕಾಣದವರು ಎಷ್ಟೋ ಜನ ಬರ್ತಾರೆ ಅತ್ತೆ. ಕಾಣಲ್ಲ ಅಂದ್ರೆ ನನಗೇನೂ ತೊಂದ್ರೆ ಇಲ್ಲ, ಅದಕ್ಕೆ ತಕ್ಕ ಗಾಜು ಹಾಕ್ತೀನಿ. ಕಾಣ್ದೇ ಇದ್ರೂ ಕಾಣುತ್ತೆ ಅಂತ ಅಂದಾಜಲ್ಲಿ ಅಕ್ಷರ ಹೇಳ್ತಾರಲ್ಲ, ಅವರೇ ತಪ್ಪು ಕನ್ನಡಕ ಹಾಕ್ಕೊಂಡು ಹೋಗಿ ಬಸ್ಸಿನ ಕೆಳಗೆ ಬೀಳೋದು."

ಸೋಮವಾರ ಬಾಗಿಲ ಹತ್ತಿರದ ಮೊಳೆಗೆ ಪುಟ್ಟ ಚೀಲವೊಂದು ನೇತುಬಿತ್ತು. ಬಟಾಣಿ ಶಿಶುವಿಹಾರಕ್ಕೆ ಹೊರಟಿತು. ಇಸ್ತ್ರಿಯಮ್ಮ ಅಡ್ಡ ಮಾತಾಡಲಿಲ್ಲ. ಮಗುವಿನ ಅಂಗಿ ಸುಕ್ಕಾಗಿತ್ತು. ಅದನ್ನು ತೆಗೆದುಕೊಂಡು ಅಂಗಡಿಗೆ ಹೋಗಿ ತನ್ನ ಹಳೆಯ ಮೇಜಿನ ಮೇಲೆ ಹಾಸಿ, ಬಲಗೈಯಲ್ಲಿ ಪೆಟ್ಟಿಗೆ ಎತ್ತಿದಳು. ಯಜಮಾನರು ಪಕ್ಕಕ್ಕೆ ಬಂದು ನಿಂತರು. "ಸಾಕು, ಎತ್ತು," ಎನ್ನುತ್ತಿದ್ದರು ಆಗಾಗ. ಅವಳು ಎತ್ತುತ್ತಿದ್ದಳು. ಅಂಗಿ ಸುಡಲಿಲ್ಲ.

ಮಧ್ಯಾಹ್ನದ ಮನೆಯಲ್ಲಿ ಅಕ್ಕಿಯ ಟಬ್ಬಿನ ಮೇಲೆ ಬಟ್ಟೆ ಮುಚ್ಚಿತ್ತು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಗುಡಿಸಲು ಪೊರಕೆ ಹಿಡಿದವಳು ಗುಡಿಸುವುದೇನೂ ಇಲ್ಲದೆ ಅಳುತ್ತ ಕೂತಳು.

ಮಗ ತನ್ನ ಕೆಲಸದ ಕಡೆಯಿಂದ ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆಯೊಂದನ್ನು ತಂದು ಒಲೆಯ ಪಕ್ಕದ ಗೋಡೆಗೆ ಕೂರಿಸಿದ. ಅದನ್ನು ಪರೀಕ್ಷೆ ಮಾಡಿದ್ದು ಸೊಸೆ, ಒಂದಲ್ಲ, ನಾಲ್ಕಾರು ಸಲ. ಪ್ರತಿ ಸಲವೂ ಅದು ಕಿವಿ ಹರಿಯುವ ಹಾಗೆ ಕೂಗಿಕೊಂಡಿತು. ಉಳಿದ ಅಡುಗೆಗೆ ತಾರೀಕು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುವುದು, ಹಾಲು ಕಾಯಿಸುವುದು ಯಜಮಾನರ ಕೆಲಸ ಎಂದು ನಿಗದಿಯಾಯಿತು. ಸಂಜೆ ಮತ್ತೆ ಬಾಟಲಿಗಳು ಹೊರಗೆ ಬಂದವು. ಸೊಸೆ ಒಂದನ್ನು ಅತ್ತೆಯ ಕೈಗಿಟ್ಟಳು. ಇಸ್ತ್ರಿಯಮ್ಮ ಮಗುವಿನ ಮುಖ ನೋಡಲಿಲ್ಲ. ಮೂಸಿದಳು, ಗೊತ್ತಿಲ್ಲ ಎಂದಳು. ಮಾರನೆಯ ಸಂಜೆಯೂ ಅಷ್ಟೇ, ಅದರ ಮಾರನೆಯ ಸಂಜೆಯೂ ಅಷ್ಟೇ. ಸೊಸೆ ಪ್ರತಿ ಸಲವೂ ತಲೆಯಾಡಿಸಿ ಬಾಟಲಿಯನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ಈಗ ಇದು ಪರೀಕ್ಷೆಯೇ ಎಂದು ಇಸ್ತ್ರಿಯಮ್ಮನಿಗೆ ಖಾತ್ರಿಯಿತ್ತು, ಅದರಿಂದ ನೋವೂ ಆಗುತ್ತಿರಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಸೊಸೆ ಹೊರಡಲು ಸಿದ್ಧಳಾಗಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಅಡುಗೆಮನೆಯ ಕಡೆ ತಿರುಗಿ, ಮುಚ್ಚುಮರೆಯಿಲ್ಲದೆ, ಜೋರಾಗಿ ಮೂಗೆಳೆದು ನೋಡಿದಳು. ಗೋಡೆಯ ಪೆಟ್ಟಿಗೆಯ ಹಸಿರು ದೀಪ ನೋಡಿದಳು. ಆಮೇಲೆ ಮೊಳೆಯ ಮೇಲಿನ ಚೀಲವನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

"ಇವತ್ತು ಒಂದು ದಿನ ನೋಡೋಣ ಅತ್ತೆ," ಎಂದಳು. "ಮಧ್ಯಾಹ್ನ ಫೋನ್ ಮಾಡ್ತೀನಿ."

ಇಸ್ತ್ರಿಯಮ್ಮ ಎಲ್ಲರೂ ನೋಡುತ್ತಿರುವ ಹಾಗೆಯೇ ಬಲಗೈ ಚಾಚಿದಳು. ಮಗು ಆ ಕೈಯನ್ನು ಒಂದು ಕ್ಷಣ ನೋಡಿತು, ಮೂಸಿಯೂ ನೋಡಿತು. ಅಮ್ಮನ ಕೈಯಿಂದ ಜಾರಿ ಕೆಳಗಿಳಿದು, ಅಜ್ಜಿಯ ಹಿಂದಿನಿಂದ ಸುತ್ತು ಹಾಕಿ ಬಂದು, ಎಂದಿನಂತೆ ಎಡಗಡೆ ನಿಂತು ಕೈಯೆತ್ತಿತು. ಅದು ಬಲಗಡೆಗೆ ಬರುವುದನ್ನು ಕಲಿಯಲು ಮತ್ತೂ ಬಹಳ ದಿನ ಹಿಡಿಯಿತು.